ಇಬ್ಬರಲ್ಲಿ ಉಳಿದವಳು

ರಾಮನಾಥಪುರದ ಕಡೆ ನಮ್ಮದು ಹೊಗೆಸೊಪ್ಪಿನ ಹೊಲ. ಸೊಪ್ಪು ಮುರಿಯುವ ಕಾಲ ಬಂದರೆ ಅವ್ವ ಮತ್ತು ದೊಡ್ಡಮ್ಮ ಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ನಿನ ಮುಂದೆ ಅಕ್ಕಪಕ್ಕ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಊರಿನಲ್ಲಿ ಕಥೋಲಿಕರೆಂದರೆ ನಮ್ಮ ಎರಡು ಮನೆಯವರೇ. ಆ ವರ್ಷ ದೊಡ್ಡಮ್ಮನ ಮೊಬೈಲಿಗೆ ಯಾರೋ ಬೋಧಕನ ವಿಡಿಯೊಗಳು ಬರತೊಡಗಿದ್ದವು. ಕಡೇ ದಿನ ಬಂದಾಗ ಬೀಸುಕಲ್ಲಿನಲ್ಲಿ ಒಟ್ಟಿಗೆ ಬೀಸುವ ಇಬ್ಬರು ಹೆಂಗಸರಲ್ಲಿ ಒಬ್ಬಳನ್ನು ಸ್ವರ್ಗಕ್ಕೆ ಒಯ್ಯುತ್ತಾರೆ, ಇನ್ನೊಬ್ಬಳನ್ನು ಬಿಡುತ್ತಾರೆ ಎಂದು ಆತ ಕಿರುಚುತ್ತಿದ್ದ.

“ನಮ್ಮಿಬ್ರಲ್ಲಿ ಯಾರ್ನ ಬುಡ್ತಾರಮ್ಮಿ?” ಎಂದು ದೊಡ್ಡಮ್ಮ ನಗುತ್ತಿದ್ದಳು.

ಒಂದು ಮಧ್ಯಾಹ್ನ ಅವ್ವ ತಲೆಯೆತ್ತದೆ, “ಅಕ್ಕಾ, ದಾರ ಕೊಡು” ಅಂದಳು. ಉತ್ತರ ಬರಲಿಲ್ಲ. ತಿರುಗಿದರೆ ದೊಡ್ಡಮ್ಮ ಗೋಡೆಗೆ ಒರಗಿದ್ದಳು. ಕೈಯಲ್ಲಿ ಎಲೆ ಹಾಗೇ ಇತ್ತು. ಕಣ್ಣುಗಳು ತೆರೆದೇ ಇದ್ದವು. ಹೃದಯ ನಿಂತುಹೋಗಿತ್ತು ಎಂದರು ಅರಕಲಗೂಡಿನ ಡಾಕ್ಟರು.

ಮಣ್ಣು ಮಾಡಿ ಬಂದ ಮೇಲೆ ಅವ್ವ ಬೇರೆಯೇ ಆದಳು. ನಾನು ಅವರೆಕಾಯಿ ಸುಲಿಯಲು ಪಕ್ಕದಲ್ಲಿ ಕೂತರೆ ಎದ್ದುಬಿಡುತ್ತಿದ್ದಳು. “ಇಬ್ರು ಒಂದೇ ಕೆಲ್ಸ ಮಾಡ್ಬಾರ್ದು ಕಣ್ಮಗ.” ಅಡುಗೆಮನೆಯಿಂದ ಹಗಲೆಲ್ಲ ಕೂಗುತ್ತಿದ್ದಳು: “ಇದ್ದೀಯಾ?” ನಾನು “ಇವ್ನಿ ಕಣವ್ವ” ಅನ್ನುವವರೆಗೂ ಪಾತ್ರೆಯ ಸದ್ದು ನಿಂತಿರುತ್ತಿತ್ತು. ಒಮ್ಮೆ ನಾನು ಉತ್ತರ ಕೊಡುವ ಮೊದಲೇ ಅವಳು “ಹ್ಞೂಂ, ಸರಿ” ಅಂದಳು. ಯಾರಿಗೆ ಅಂದಳೋ ಕೇಳಲು ನನಗೆ ಧೈರ್ಯವಾಗಲಿಲ್ಲ.

ಕೊನೆಗೆ ಅವಳನ್ನು ಹಾಸನದ ಚರ್ಚಿನ ಗುರುಗಳ ಬಳಿ ಕರೆದುಕೊಂಡು ಹೋದೆ.

“ಸ್ವಾಮಿ, ದ್ಯಾವ್ರು ಅಕ್ಕನ್ನ ಕರ್ಕೊಂಡ, ನನ್ನ ಬುಟ್ಬುಟ್ಟ. ನಾನು ಬ್ಯಾಡ್ದೋಳಾ?”

ಗುರುಗಳು ನಿಧಾನವಾಗಿ ಹೇಳಿದರು: “ಒಯ್ಯೋದು ಅಂದ್ರೆ ಗುಟ್ಟಾಗಿ ಮೇಲಕ್ಕೆ ಎತ್ಕೊಂಡು ಹೋಗೋದು ಅಂತ ನಮ್ಮ ಧರ್ಮಸಭೆ ಓದೋದಿಲ್ಲಮ್ಮ. ಬೈಬಲಿನಲ್ಲಿ ಅದರ ಹಿಂದಿನ ಮಾತು ನೋಡಿ. ನೋಹನ ಕಾಲದಲ್ಲಿ ಪ್ರಳಯ ಒಯ್ದದ್ದು ಎಚ್ಚರವಿಲ್ಲದವರನ್ನ. ನಾವೆಯಲ್ಲಿ ಇದ್ದವರು ಉಳಿದ್ರು. ಉಳಿಯೋದು ಶಾಪ ಅಲ್ಲ.”

ಅವ್ವನ ಮುಖ ಇನ್ನಷ್ಟು ಬಿಳಿಚಿಕೊಂಡಿತು. “ಅಂಗಾರೆ ನಮ್ಮಕ್ಕ ಕೊಚ್ಕೊಂಡು ಓದ್ಲಾ?”

ಖಾಲಿ ಚರ್ಚಿನಲ್ಲಿ ಎಲ್ಲೋ ಒಂದು ಬೆಂಚು ಕಿರುಗುಟ್ಟಿತು. ನಾವು ಮೂವರೂ ಆ ಕಡೆ ನೋಡಿದೆವು. ಯಾರೂ ಇರಲಿಲ್ಲ.

“ತಪ್ಪು ನನ್ನದು,” ಅಂದರು ಗುರುಗಳು. “ಆ ವಾಕ್ಯ ಇರೋದು ಸತ್ತವರನ್ನ ಅಳೆಯೋಕಲ್ಲ. ಆ ದಿನ, ಆ ಗಳಿಗೆ ಯಾರಿಗೂ ತಿಳೀದು, ಎಚ್ಚರವಾಗಿರಿ ಅಂತ ಬದುಕಿರೋರಿಗೆ ಹೇಳೋಕೆ. ನಿಮ್ಮಕ್ಕ ಎಲ್ಲಿದ್ದಾರೆ ಅಂತ ನನಗೆ ಗೊತ್ತಿಲ್ಲ. ದೇವರ ಕೈಗೆ ಒಪ್ಪಿಸಿದ್ದೀವಿ. ಅವರಿಗಾಗಿ ಪ್ರಾರ್ಥಿಸಬಹುದು. ಬನ್ನಿ, ಸಂಜೆ ಅವರ ಹೆಸರಲ್ಲಿ ಬಲಿಪೂಜೆ ಇಡೋಣ.”

ಆ ಸಂಜೆಯ ಪೂಜೆಯಲ್ಲಿ ದೊಡ್ಡಮ್ಮನ ಹೆಸರು ಓದಿದಾಗ ಅವ್ವ ಮೊದಲ ಸಲ ಜೋರಾಗಿ ಅತ್ತಳು. ನಾನು ತಡೆಯಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ಮಲಗಿದಳು. ಕಿಟಕಿಯಾಚೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಸ್ಸಿನ ದೀಪದಲ್ಲೂ ರಸ್ತೆ ಬದಿಯ ಜೋಳದ ಹೊಲಗಳು ಕಾಣುತ್ತಿರಲಿಲ್ಲ. ಅವಳು ತೀರಾ ಅಲುಗಾಡದೆ ಮಲಗಿದ್ದಳು. ನಾನು ಮೆಲ್ಲಗೆ ಅವಳ ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರು ಬೆಚ್ಚಗೆ ತಾಗಿತು. ಊರು ಬರುವವರೆಗೂ ಬೆರಳು ತೆಗೆಯಲಿಲ್ಲ.