ವಕೀಲರ ಬ್ಲಾಗಿನಲ್ಲೊಂದು ತಿದ್ದುಪಡಿ

ಕಳೆದ ವಿಧಾನಸಭಾ ಚುನಾವಣೆಗೆ ಬಂಟ್ವಾಳದ ಒಬ್ಬ ಮಹಿಳಾ ವಕೀಲರು ಪಕ್ಷೇತರರಾಗಿ ನಿಂತರು. ಗೆಲ್ಲುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ನನ್ನ ತಂಗಿಯ ವಿಚ್ಛೇದನದ ಕೇಸು ನಡೆಸಿದವರು ಅವರೇ. ಕೋರ್ಟಿನ ವರಾಂಡದಲ್ಲಿ ತಂಗಿ ಅತ್ತಾಗ ಕಪ್ಪು ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡು ಅವಳ ಪಕ್ಕದಲ್ಲೇ ಕುಳಿತುಬಿಡುತ್ತಿದ್ದರು. ಹಾಗಾಗಿ ಅವರು ನಾಮಪತ್ರ ಹಾಕಿದ ದಿನ ನಾನಾಗಿಯೇ ಹೋಗಿ, ನನ್ನಿಂದ ಏನಾಗಬೇಕು ಎಂದು ಕೇಳಿದೆ.

"ನಿಮಗೆ ಬರೆಯಲಿಕ್ಕೆ ಬರ್ತದಲ್ಲ, ಒಂದು ಬ್ಲಾಗ್ ನೋಡಿಕೊಳ್ಳಿ" ಎಂದರು. "ನನ್ನ ಭಾಷಣ ಹಾಕುವುದು ಬೇಡ. ಹೋದಲ್ಲಿ ಜನ ಏನು ಹೇಳ್ತಾರೆ, ಅದನ್ನು ಬರೆಯಿರಿ."

ನಾನು ಆಗ ಮೂಡುಬಿದಿರೆಯ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಮಧ್ಯಾಹ್ನ ಅಲ್ಲಿಂದ ಹೊರಟು ವಕೀಲರ ಹಳೆಯ ವ್ಯಾನನ್ನು ಸೇರಿಕೊಳ್ಳುತ್ತಿದ್ದೆ. ಒಂದು ದಿನ ಬಂಟ್ವಾಳದ ಪೇಟೆ, ಇನ್ನೊಂದು ದಿನ ಯಾವುದೋ ಗುಡ್ಡದ ಮೇಲಿನ ಕಾಲನಿ. ಜನ ತುಳುವಿನಲ್ಲಿ, ಬ್ಯಾರಿಯಲ್ಲಿ ಮಾತಾಡುತ್ತಿದ್ದರು. ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ನನ್ನ ಬ್ಲಾಗಿನಲ್ಲಿ ಮೀನು ಮಾರುವವರೂ ರಿಕ್ಷಾದವರೂ ಶಾಲೆಯ ಪಾಠಪುಸ್ತಕದ ಹಾಗೆ ಮಾತಾಡುತ್ತಿದ್ದರು. ಮೊದಮೊದಲು ನನಗೇ ನಗು ಬರುತ್ತಿತ್ತು. ಓದುವವರು ಹೆಚ್ಚಾದ ಮೇಲೆ ಅದು ನನ್ನ ಶೈಲಿಯೆಂದೇ ನಂಬಿದೆ.

ಸಿದ್ಧಕಟ್ಟೆಯ ಹತ್ತಿರ ಒಂದು ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸೊಬ್ಬರು ನಳ್ಳಿ ನೀರಿನ ವಿಷಯ ಹೇಳಿದರು. "ಒಂಜಿ ದಿನ ಬುಡ್ದ್ ಒಂಜಿ ದಿನ" ಎಂದಿದ್ದರು. ಅಂದರೆ ದಿನ ಬಿಟ್ಟು ದಿನ ನೀರು ಬರುತ್ತದೆ ಎಂದು. ಬೇಸಿಗೆಯಲ್ಲಿ ಒಮ್ಮೆ ಒಂದು ವಾರ ಬಾರದೇ ಇದ್ದದ್ದೂ ಉಂಟು ಎಂದು ಸೇರಿಸಿದರು. ಮರುದಿನ ಬರೆಯಲು ಕುಳಿತಾಗ ಆ ಒಂದು ವಾರವೇ ನನ್ನ ಕೈಗೆ ಸಿಕ್ಕಿತು. 'ಈ ಮನೆಯ ನಳ್ಳಿ ನೀರು ಕಂಡು ವಾರಗಳಾದವು. ನೀರು ಬಿಡುವಾತ ಇತ್ತ ತಿರುಗಿಯೂ ನೋಡುವುದಿಲ್ಲ' ಎಂದು ಬರೆದೆ. ಕೊನೆಯ ವಾಕ್ಯವನ್ನು ಆ ಹೆಂಗಸು ಹೇಳಿರಲೇ ಇಲ್ಲ. ಓದಲು ಚೆಂದವಿದೆ ಎಂದು ಬಂದುಬಿಟ್ಟಿತ್ತು.

ಆ ಬರಹ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ನಾಲ್ಕನೆಯ ದಿನ ಅದೇ ಹೆಂಗಸು ಫೋನ್ ಮಾಡಿದರು. ಸಿಟ್ಟಿನ ಸ್ವರವಲ್ಲ.

"ಅಕ್ಕ, ನೀರು ಬಿಡುವವರು ನಮ್ಮ ನೆರೆಮನೆಯವರು. ನಿಮ್ಮದು ಓದಿ ಜನ ಅವರಿಗೆ ಬೈತಾ ಇದ್ದಾರೆ. ಅವರ ಹೆಂಡತಿ ನನ್ನತ್ರ ಮಾತು ಬಿಟ್ಟಿದ್ದಾಳೆ. ನಾನು ಹಾಗೆ ಹೇಳಿದ್ದೇನಾ?"

"ಇಲ್ಲ" ಎಂದೆ.

ಮರುದಿನ ಬಸ್ಸು ಹಿಡಿದು ಆ ನೆರೆಮನೆಗೇ ಹೋದೆ. ನೀರು ಬಿಡುವವರು ಐವತ್ತು ದಾಟಿದವರು, ಮಾತು ಕಡಿಮೆ. ನನ್ನನ್ನು ಒಳಗೆ ಕರೆಯಲಿಲ್ಲ; ಅಂಗಳದಾಚೆಯ ವಾಲ್ವಿನ ಹತ್ತಿರ ಕರೆದುಕೊಂಡು ಹೋದರು. ಮೇಲಿನ ಟ್ಯಾಂಕು ಒಂದೇ, ಕೇರಿ ಎರಡು. ಒಂದನ್ನು ತಿರುಗಿಸಿದರೆ ಇನ್ನೊಂದಕ್ಕೆ ನೀರಿಲ್ಲ.

"ಪಂಪ್ ಸುಟ್ಟುಹೋಗಿತ್ತು ಆ ವಾರ" ಎಂದರು. "ಈ ಪಕ್ಕದ ಅಕ್ಕನ ಮನೆಗೆ ನಾನೇ ಬಾವಿಯಿಂದ ನಾಲ್ಕು ಕೊಡ ತಂದು ಕೊಟ್ಟಿದ್ದೇನೆ. ಅದನ್ನು ಬರೆಯಿರಿ ಅಂತ ಹೇಳುವುದಲ್ಲ. ಇಲ್ಲದ್ದನ್ನು ಬರೆಯಬೇಡಿ, ಅಷ್ಟೇ."

ನಾನು ಕ್ಷಮೆ ಕೇಳಿದೆ. ಅವರು ತಲೆಯಾಡಿಸಿ ವಾಲ್ವಿನ ಮುಚ್ಚಳ ಹಾಕಿದರು.

ಸಂಜೆ ವಕೀಲರ ಆಫೀಸಿನಲ್ಲಿ ವಿಷಯ ತಿಳಿಸಿ, ಬ್ಲಾಗಿನಲ್ಲಿ ತಿದ್ದುಪಡಿ ಹಾಕುತ್ತೇನೆ ಎಂದೆ. ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದ ನಿವೃತ್ತ ಮೇಷ್ಟ್ರು ಒಪ್ಪಲಿಲ್ಲ.

"ಅಳಿಸಿಬಿಡಿ, ಸಾಕು. ತಪ್ಪಾಯ್ತು ಅಂತ ಬರೆದರೆ ಎದುರಿನವರು ಸುಮ್ಮನಿರ್ತಾರಾ ಮಾರಾಯ್ರೆ? ವೋಟಿಗೆ ಇನ್ನು ಒಂಬತ್ತು ದಿನ ಉಂಟು."

ವಕೀಲರು ಕನ್ನಡಕ ತೆಗೆದು ನನ್ನ ಬರಹವನ್ನು ಮೊಬೈಲಿನಲ್ಲಿ ಇನ್ನೊಮ್ಮೆ ಓದಿದರು. "ಬೈಗುಳ ತಿಂದದ್ದು ನಾವಲ್ಲ, ಅವರು" ಎಂದರು. "ಎಷ್ಟು ಜನ ಅದನ್ನು ಓದಿದ್ದಾರೋ ಅಷ್ಟು ಜನಕ್ಕೂ ಇದು ಮುಟ್ಟಬೇಕು. ಬರೆಯಿರಿ. ಕೆಳಗೆ ನನ್ನ ಹೆಸರನ್ನೂ ಹಾಕಿ."

ಬರೆದೆ. ಏನು ಕೇಳಿದ್ದೆ, ಏನು ಸೇರಿಸಿದ್ದೆ, ಎರಡನ್ನೂ ಬಿಡಿಸಿ ಹೇಳಿದೆ. ಮೇಷ್ಟ್ರು ಹೆದರಿದಂತೆಯೇ ಆಯಿತು. ತಿದ್ದುಪಡಿಯ ಚಿತ್ರ ತೆಗೆದು, 'ಸುಳ್ಳು ಬರೆದದ್ದನ್ನು ತಾವೇ ಒಪ್ಪಿಕೊಂಡಿದ್ದಾರೆ' ಎಂದು ಯಾರೋ ಹಂಚಿದರು. ಎರಡು ದಿನ ನಾನು ಮೊಬೈಲನ್ನು ಕಪಾಟಿನಲ್ಲಿಟ್ಟಿದ್ದೆ. ವಕೀಲರು ಮಾತ್ರ ಆ ವಿಷಯ ಎತ್ತಲೇ ಇಲ್ಲ; ಮೂರನೆಯ ದಿನ ಫೋನ್ ಮಾಡಿ, "ವ್ಯಾನ್ ಹೊರಡ್ತದೆ, ಬರ್ತೀರಲ್ಲ?" ಎಂದಷ್ಟೇ ಕೇಳಿದರು. ಹೋದೆ. ಅಂದಿನಿಂದ ಒಂದು ಕ್ರಮ ಮಾಡಿಕೊಂಡೆ: ಬರೆದದ್ದನ್ನು ಹೇಳಿದವರ ಎದುರಿಗೇ ತುಳುವಿನಲ್ಲಿ ಓದಿ ಹೇಳುವುದು. ಬಹಳ ಜನ ಒಂದೆರಡು ಮಾತು ತೆಗೆಸಿದರು. ಕೆಲವರು ಇಡೀ ಬರಹವನ್ನೇ ಬೇಡವೆಂದರು.

ವಕೀಲರು ಸೋತರು, ದೊಡ್ಡ ಅಂತರದಲ್ಲೇ. ಎಣಿಕೆ ಮುಗಿದ ಸಂಜೆ ಆಫೀಸಿನಲ್ಲಿ ನಾವು ಆರು ಜನ ಗೋಳಿಬಜೆ ತಿಂದು ಚಹಾ ಕುಡಿದೆವು. ಸೋತ ಮನೆಯ ಹಾಗೆ ಇರಲಿಲ್ಲ. ಸಿದ್ಧಕಟ್ಟೆಯ ಆ ಎರಡು ಮನೆಯ ಹೆಂಗಸರು ಮತ್ತೆ ಮಾತಾಡಲು ಶುರುಮಾಡಿದ್ದು ಮಳೆಗಾಲ ಹಿಡಿದ ಮೇಲೆ ಎಂದು ಕೇಳಿದೆ. ಅಷ್ಟು ದಿನಗಳ ಮೌನಕ್ಕೆ ನಾನು ಬರೆದ ಒಂದು ವಾಕ್ಯ ಕಾರಣವಾಗಿತ್ತು.