ಜಗ್ಗಿದರೆ ಬಿಡದ ಪ್ಲಾಸ್ಟರು

ಕಳೆದ ಶನಿವಾರ ಮಧ್ಯಾಹ್ನ ನಮ್ಮ ಅತ್ತೆಯವರು ಗೋಡೆಯಿಂದ ಬಿದ್ದರು.

(ಗಾಬರಿಯಾಗಬೇಡಿ. ಅವರು ತೀರಿಕೊಂಡು ಮೂರು ವರ್ಷವಾಯಿತು. ಬಿದ್ದದ್ದು ಫೋಟೋ.)

ಯಾಕೆ ಬಿದ್ದರು ಎನ್ನುವುದು ಮಾತ್ರ ಆಗ ನನ್ನ ತಲೆಗೆ ಹೋಗಲಿಲ್ಲ.

ಮೂಡುಬಿದಿರೆಯಲ್ಲಿ ನಮ್ಮದು ಬಾಡಿಗೆ ಮನೆ. ಧಣಿಗಳು ಗೋಡೆಗೆ ಹೊಸದಾಗಿ ಆಯಿಲ್ ಪೈಂಟ್ ಹೊಡೆಸಿದ್ದಾರೆ. ಬೀಗದ ಕೈ ಕೊಡುವಾಗಲೇ "ಮಾಸ್ಟ್ರೇ, ಮೊಳೆ ಮಾತ್ರ ಹೊಡೀಬೇಡಿ" ಎಂದಿದ್ದರು. ಹಾಗಾಗಿ ನನ್ನ ಹೆಂಡತಿ ಸುಮತಿಯ ತಾಯಿ ಎರಡು ವರ್ಷ ಟ್ರಂಕಿನಲ್ಲೇ ಇದ್ದರು. ಬಂಟವಾಳದಲ್ಲಿ ತೆಗೆಸಿದ ಒಂದೇ ಒಂದು ಫೋಟೋ ಅದು. ಈಗ ಆ ಸ್ಟುಡಿಯೋವೂ ಇಲ್ಲ, ನೆಗೆಟಿವೂ ಇಲ್ಲ. "ಧಣಿಗಳ ಹತ್ರ ಒಂದು ಮಾತು ಕೇಳಿ ನೋಡಿ" ಎಂದು ಅವಳು ಆಗಾಗ ಹೇಳುತ್ತಿದ್ದಳು. "ಕೇಳುವ, ಕೇಳುವ" ಎನ್ನುತ್ತಿದ್ದೆ ನಾನು.

ಅಷ್ಟರಲ್ಲಿ ಬೊಂಬಾಯಿಯ ಹೋಟೆಲಿನಲ್ಲಿರುವ ಅವಳ ತಮ್ಮ ಬಂದ. ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನ ದೊಡ್ಡ ಸುರುಳಿ ತಂದಿದ್ದ. "ಮೊಳೆ ಯಾಕೆ ಭಾವ? ಇದನ್ನು ಜಗ್ಗಿ ನೋಡಿ!" ಫ್ರೇಮಿನ ಬೆನ್ನಿಗೆ ಎರಡು ಪಟ್ಟಿ ಅಂಟಿಸಿ, ಮೇಲಿನ ತುದಿಗಳನ್ನು ಗೋಡೆಗೆ ಒತ್ತಿದೆವು. ಜಗ್ಗಿದೆ. ಜಪ್ಪಯ್ಯ ಅನ್ನಲಿಲ್ಲ. ಹಲ್ಲು ಕಚ್ಚಿ ಜಗ್ಗಿದೆ. ಊಹೂಂ! (ನಮ್ಮ ಜಿಲ್ಲೆಯೇ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಅಂಟಿಕೊಂಡು ನಾಲ್ಕೈದು ವರ್ಷವಾಯಿತು. ಅದನ್ನು ಯಾರೂ ಹೀಗೆ ಜಗ್ಗಿ ನೋಡಿದಂತಿಲ್ಲ.)

ಮೂರನೆಯ ದಿನ ಸುಮತಿ ಹೇಳಿದಳು: "ಇವ್ರೇ, ಅಮ್ಮ ಸ್ವಲ್ಪ ಕೆಳಗೆ ಬಂದ ಹಾಗೆ ಉಂಟು."

"ನಿನಗೆ ಹಾಗೆ ಕಾಣುವುದು ಮಾರಾಯ್ತಿ."

ಅವಳು ಫ್ರೇಮಿನ ಕೆಳಗೆ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದಳು. ಮರುದಿನ ಗೆರೆ ಫ್ರೇಮಿನ ಹಿಂದೆ ಮರೆಯಾಗಿತ್ತು. ನಾನು ಮತ್ತೆ ಜಗ್ಗಿ ತೋರಿಸಿದೆ. ಗಟ್ಟಿಯಾಗಿಯೇ ಇತ್ತು. "ನೋಡಿದೆಯಾ?" ಎಂದೆ. ಅವಳು ಇನ್ನೊಂದು ಗೆರೆ ಎಳೆದು ಅಡುಗೆಮನೆಗೆ ಹೋದಳು.

ಶನಿವಾರ ಊಟಕ್ಕೆ ಕೂತಿದ್ದೆವು. ಯಾರೂ ಮುಟ್ಟಲಿಲ್ಲ. ಗಾಳಿಯೂ ಇರಲಿಲ್ಲ. ಫೋಟೋ ಬಿತ್ತು, ಗಾಜು ಒಡೆಯಿತು. ಚೂರೊಂದು ಅತ್ತೆಯವರ ಕೆನ್ನೆಗೆ ಗೀರು ಹಾಕಿತ್ತು. ಸುಮತಿ ಸೆರಗಿನಿಂದ ಒರೆಸಿದಳು. ಗೀರು ಹೋಗಲಿಲ್ಲ. ನಾನು ಎದ್ದು ಗೋಡೆ ನೋಡಿದೆ.

ಗೋಡೆಯ ಮೇಲೆ ಮೂರು ಬೆರಳು ಉದ್ದದ ಅಂಟಿನ ಜಾಡು ಎರಡು. ಅಂದರೆ ವಾರವಿಡೀ ಇಳಿಯುತ್ತಲೇ ಇತ್ತೇ? ನನ್ನ ಇಡೀ ಬಲಕ್ಕೆ ಬಗ್ಗದ್ದು ಒಂದು ಹಗುರ ಫ್ರೇಮಿಗೆ ಹೇಗೆ ಸೋತಿತು? ನಮ್ಮ ಶಾಲೆಯ ಸೈನ್ಸ್ ಮಾಸ್ಟ್ರನ್ನು ಕೇಳಿದೆ. ಅವರೂ ತಲೆ ಕೆರೆದುಕೊಂಡರು.

ಸೈಕಲ್ ಶಾಪಿನ ಹಸನಬ್ಬ ಮಾತ್ರ ನನ್ನ ಕತೆ ಕೇಳಿ, ಟ್ಯೂಬಿಗೆ ಪ್ಯಾಚ್ ಹಾಕುತ್ತ ನಕ್ಕ. "ಹಲಸಿನ ಮೇಣ ನೋಡಿಲ್ವಾ ಮಾಸ್ಟ್ರೇ? ಗಬಕ್ಕ ಎಳೆದ್ರೆ ಕೈಯನ್ನೇ ಹಿಡ್ಕೊಳ್ತದೆ. ಸಣ್ಣ ಕಲ್ಲು ಕಟ್ಟಿ ಬಿಡಿ, ಸಂಜೆಗೆ ನೂಲಾಗಿ ಕೆಳಗೆ ಬರ್ತದೆ. ಮೆತ್ತಗಿನದ್ದಕ್ಕೆ ಜಗ್ಗಿದ್ದು ಲೆಕ್ಕ ಇಲ್ಲ. ಎಷ್ಟು ಹೊತ್ತು ಹೊತ್ತುಕೊಂಡಿತು, ಅದು ಲೆಕ್ಕ."

ಮನೆಗೆ ಬಂದರೆ ಗೋಡೆಯಲ್ಲಿ ಮೊಳೆ! ಸುಮತಿ ತಾನೇ ಹೋಗಿ ಧಣಿಗಳನ್ನು ಕೇಳಿದ್ದಳು. "ತಾಯಿಯ ಫೋಟೋ ಅಂತ ಮೊದಲೇ ಹೇಳಬಾರದಿತ್ತಾ?" ಎಂದು ಅವರೇ ಬಂದು ಹೊಡೆದುಕೊಟ್ಟರಂತೆ. ಎರಡು ವರ್ಷ ನಾನು ಕೇಳದೆ ಉಳಿಸಿದ್ದು ಅಷ್ಟೇ ಮಾತು.

ನಮ್ಮಿಬ್ಬರಲ್ಲಿ ಹಿಂದೆ ಜಗಳವಾಗಿದೆ, ಜೋರಾಗಿಯೇ ಆಗಿದೆ. ಆಗೆಲ್ಲ ಏನೂ ಬಿಟ್ಟುಹೋಗಲಿಲ್ಲ, ಹಾಗಾಗಿ ಎಲ್ಲ ಗಟ್ಟಿ ಎಂದುಕೊಂಡಿದ್ದೆ. ಈ ಸಲ ಜಗಳವೇ ಇಲ್ಲ. ಅವಳು ಬಡಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಫೋಟೋದ ಸುದ್ದಿ ಎತ್ತುವುದಿಲ್ಲ.

ಪೆನ್ಸಿಲೇನೋ ಈಗ ನನ್ನ ಕೈಯಲ್ಲಿದೆ. ಗೆರೆ ಎಲ್ಲಿ ಎಳೆಯಲಿ?