ಸುಳ್ಳಿಗೆ ಇಳಿದ ಕಾಗೆ

ಸತ್ತವರಿಗೇ ಸುಳ್ಳು ಹೇಳಿ ದಕ್ಕಿಸಿಕೊಂಡವಳು ನನಗೆ ತಿಳಿದಂತೆ ಒಬ್ಬಳೇ. ನನ್ನ ತಾಯಿಯ ತಂಗಿ ಸಕ್ಕೂಬಾಯಿ, ನಮಗೆಲ್ಲ ಸಕ್ಕೂ ಮೌಶಿ. ದಕ್ಕಿತು ಎನ್ನುವುದೂ ಪೂರ್ತಿ ನಿಜವಲ್ಲ.

೧೯೯೧ರಲ್ಲಿ ಕಮಲಾಪುರದ ಹತ್ತಿರ ಸ್ಕೂಟರ್ ಉರುಳಿ ಅವಳ ಗಂಡ ವಾಸುದೇವ ತೀರಿಕೊಂಡ. ಸ್ಕೂಟರ್ ಹೊಡೆಯುತ್ತಿದ್ದವನು ಅವನ ಜೀವದ ಗೆಳೆಯ ಗೋಪಾಲ. ಅವನ ಕೈ ಮುರಿಯಿತು, ಅಷ್ಟೇ. ಹತ್ತನೆಯ ದಿನ ಹಳ್ಳದ ದಂಡೆಯಲ್ಲಿ ಪಿಂಡ ಇಟ್ಟರೆ ಕಾಗೆ ಮುಟ್ಟಲೊಲ್ಲದು. ಸತ್ತವನ ಆಸೆ ಏನೋ ಉಳಿದಿದೆ ಎಂದು ಒಬ್ಬೊಬ್ಬರೂ ಒಂದೊಂದು ಮಾತು ಕೊಟ್ಟರು. ನಿನ್ನ ತಮ್ಮನನ್ನು ಓದಿಸುತ್ತೇವೆ ಎಂದರು, ಕಾಶಿಗೆ ಹೋಗುತ್ತೇವೆ ಎಂದರು. ಜಾಲಿ ಗಿಡದ ಮೇಲೆ ಒಂದೇ ಒಂದು ಕಾಗೆ. ಕೂಗಲಿಲ್ಲ, ಕದಲಲಿಲ್ಲ. ಬಿಸಿಲು ನೆತ್ತಿಗೇರಿತು. ಕಡೆಗೆ ಮೌಶಿಯನ್ನು ಮನೆಯಿಂದ ಕರೆಸಿದರು. ಕೈಗೆ ಪಟ್ಟಿ ಕಟ್ಟಿಕೊಂಡು ದೂರ ನಿಂತಿದ್ದ ಗೋಪಾಲನನ್ನು ತೋರಿಸಿ ಅವಳ ಮಾವ ಅಂದರು:

“ಅವಂಗ ಕ್ಷಮಾ ಮಾಡೀನಿ ಅನ್ನವಾ. ನನ್ನ ಮಗಾ ಅದಕ್ಕ ತಡದಾನ.”

ಮೌಶಿಗೆ ಅವನ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಆದರೂ “ಮಾಡೀನಿ” ಅಂದಳು. ಕಾಗೆ ತಟ್ಟನೆ ಇಳಿದು ಪಿಂಡ ಮುಟ್ಟಿತು.

ಎಲ್ಲರೂ ಕೈಮುಗಿದರು. ಮೌಶಿ ಮಾತ್ರ ಕಾಗೆಯನ್ನೇ ನೋಡುತ್ತ ನಿಂತಳು. ಆಮೇಲೆ ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಗೆ ಬಂದು, ಜಗತ್ ಸರ್ಕಲ್ ಹತ್ತಿರದ ಶಾಲೆಯಲ್ಲಿ ಹೊಲಿಗೆ ಕಲಿಸುತ್ತ ಏಳು ವರ್ಷ ಕಳೆದಳು. ದಿನಾ ಮಧ್ಯಾಹ್ನ ಅವಳು ಊಟಕ್ಕೆ ಕೂತರೆ ಕಿಟಕಿಗೊಂದು ಕಾಗೆ. ಅನ್ನ ಹಾಕಿದರೆ ತಿನ್ನುತ್ತಿರಲಿಲ್ಲ, ಅವಳನ್ನೇ ನೋಡುತ್ತಿತ್ತು. ನಾನು ಓಡಿಸಲು ಹೋದರೆ, “ಬ್ಯಾಡ. ಸುಳ್ಳ್ಯಾಕ ಹೇಳಿದಿ ಅಂತ ಅವ್ರು ಕೇಳ್ಲಿಕ್ಕೆ ಬರ್ತಾರ” ಎನ್ನುತ್ತಿದ್ದಳು. ನಾನು ಇಂಥದನ್ನೆಲ್ಲ ನಂಬುವವಳಲ್ಲ. ಆದರೂ ಆ ಕಿಟಕಿಗೆ ಬೆನ್ನು ಮಾಡಿ ಒಂದು ದಿನವೂ ಉಂಡದ್ದಿಲ್ಲ.

ಗೋಪಾಲ ಮದುವೆಯಾಗಲಿಲ್ಲ. ತಿಂಗಳಿಗೊಮ್ಮೆ ಕಮಲಾಪುರದ ಕೆಂಪು ಬಾಳೆಹಣ್ಣು ತಂದು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದ. ಮೌಶಿ ಅವನ್ನು ಆಕಳಿಗೆ ಹಾಕುತ್ತಿದ್ದಳು. ೧೯೯೮ರಲ್ಲಿ ಒಂದು ದಿನ ಜಗತ್ ಸರ್ಕಲ್‌ನಲ್ಲಿ ಅವನು ಸ್ಕೂಟರ್‌ಗಳ ಸದ್ದಿಗೆ ಗಡಗಡ ನಡುಗುತ್ತ, ರಸ್ತೆ ದಾಟಲಾರದೆ ನಿಂತದ್ದನ್ನು ಕಂಡಳು. ಹಿಂದುಮುಂದು ನೋಡದೆ ಕೈಹಿಡಿದು ದಾಟಿಸಿದಳು. ದಾಟಿದ ಮೇಲೆ ಸಿಟ್ಟು ಹುಡುಕಿದಳು, ಸಿಗಲಿಲ್ಲ. ಕೈ ಬಿಡಲೂ ಮನಸ್ಸಾಗಲಿಲ್ಲ ಎಂದು ನನ್ನೆದುರು ನಾಚದೆ ಹೇಳಿದ್ದಾಳೆ.

“ಅವತ್ತ ಹಳ್ಳದಾಗ ನಾ ಸುಳ್ಳು ಹೇಳಿದೆ ರೀ,” ಅಂದಳಂತೆ.

“ಗೊತ್ತದ ರೀ. ಕಾಗಿ ಮುಟ್ಟಬಾರದು ಅಂತ ನಾ ಬೇಡ್ಕೊಳ್ಳಾಕತ್ತಿದ್ದೆ. ನೀವು ಕೊಡಲಾರದ ಕ್ಷಮಾ ಹೊತ್ಕೊಂಡು ಹ್ಯಾಂಗ ಬದುಕ್ಲಿ?”

ಮೌಶಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಈಗ ಕೊಟ್ಟೀನಿ, ತಗೋರಿ. ಕೈ ಮಾತ್ರ ಬಿಡಬ್ಯಾಡ್ರಿ.”